ನೋವಿಲ್ಲದ ದಿನಗಳ ತೊಂದರೆಯನ್ನು ವೈದ್ಯರಿಗೆ ಹೇಗೆ ಹೇಳುವುದು?

ಅರೆಬೆಳಕು:
ಮೈಗ್ರೇನ್ ನನಗೆ ಹಳೆಯದು. ವೈದ್ಯರು ಪ್ರತಿ ಸಲವೂ "ತಿಂಗಳಿಗೆ ಎಷ್ಟು ಬಾರಿ?" ಎಂದು ಕೇಳುತ್ತಾರೆ, ನಾನೊಂದು ಸಂಖ್ಯೆ ಹೇಳುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ನೋವಿನ ದಿನವಂತೂ ಕತ್ತಲೆ ಕೋಣೆಯಲ್ಲಿ ವಾಂತಿಯೊಂದಿಗೆ ಕಳೆಯುತ್ತದೆ. ಅದಕ್ಕೆ ವಿವರಣೆ ಬೇಡ. ನನ್ನ ತಕರಾರು ಉಳಿದ ದಿನಗಳದು. ಹಿಂದಿನ ದಿನವೇ ಆಕಳಿಕೆ, ಬಿಗಿದ ಕುತ್ತಿಗೆ, ಮಕ್ಕಳ ಮೇಲೆ ಕಾರಣವಿಲ್ಲದ ಸಿಡುಕು. ಮರುದಿನ ತಲೆ ಒದ್ದೆ ಬಟ್ಟೆಯಂತೆ ಭಾರ. ನನ್ನದು ಲೆಕ್ಕಪತ್ರದ ಕೆಲಸ. ಒಂದೇ ಸಾಲನ್ನು ಮತ್ತೆ ಮತ್ತೆ ಕೂಡಿಸಿದರೂ ಮೊತ್ತದ ಮೇಲೆ ನಂಬಿಕೆ ಬರುವುದಿಲ್ಲ. ಕಚೇರಿಯವರಿಗೆ, ರಜೆ ಹಾಕದೆ ಬಂದಿದ್ದೇನೆಂದರೆ ಚೆನ್ನಾಗಿದ್ದೇನೆ ಎಂದೇ ಅರ್ಥ. ನಿಜಕ್ಕೂ ಚೆನ್ನಾಗಿರುವ ದಿನವೂ ಯಾರಾದರೂ ಮದುವೆಗೆ ಕರೆದರೆ "ನೋಡೋಣ" ಎನ್ನುತ್ತೇನೆ. ಈಗ ಕರೆಯುವವರೂ ಕಡಿಮೆಯಾಗಿದ್ದಾರೆ. ಇದನ್ನೆಲ್ಲ ಚುಟುಕಾದ ಭೇಟಿಯಲ್ಲಿ ಹೇಳುವುದು ಹೇಗೆ? ಹೇಳಿದರೆ ಚಿಕಿತ್ಸೆಯೇನಾದರೂ ಬದಲಾಗುತ್ತದೆಯೇ?

ಸರಳಜೀವಿ:
ನೀರು ಹೆಚ್ಚು ಕುಡಿಯಿರಿ, ಮೊಬೈಲ್ ಕಡಿಮೆ ನೋಡಿ. ಮನಸ್ಸು ಗಟ್ಟಿಯಿದ್ದರೆ ತಲೆನೋವು ದೊಡ್ಡದಲ್ಲ.

ಹಳೆರೋಗಿ:
ಸರಳಜೀವಿಯವರೇ, ಇದು ನರವ್ಯೂಹದ ಕಾಯಿಲೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಒಂದು ದಾಳಿ 4ರಿಂದ 72 ಗಂಟೆ ಇರಬಹುದು. ಮನಸ್ಸಿನ ಗಟ್ಟಿತನದ ಪರೀಕ್ಷೆಯಲ್ಲ.

ಅರೆಬೆಳಕು ಅವರೇ, 'ಮೈಡಾಸ್' ಎಂಬ ಪ್ರಶ್ನಾವಳಿ ಇದೆ. ಕಳೆದ ಮೂರು ತಿಂಗಳ ಬಗ್ಗೆ ಐದೇ ಪ್ರಶ್ನೆ: ಕೆಲಸ ಪೂರ್ತಿ ತಪ್ಪಿದ ದಿನ, ಕೆಲಸದ ಶಕ್ತಿ ಅರ್ಧಕ್ಕೂ ಇಳಿದ ದಿನ, ಮನೆಗೆಲಸಕ್ಕೂ ಇವೇ ಎರಡು, ಕೊನೆಗೆ ಕುಟುಂಬದ ಅಥವಾ ಸ್ನೇಹಿತರ ಕೂಟ ತಪ್ಪಿಸಿಕೊಂಡ ದಿನ. ಮೊತ್ತ 21 ಅಥವಾ ಹೆಚ್ಚಾದರೆ ತೀವ್ರ ಬಾಧೆ. ನಿಮಗೆ ಇಷ್ಟವಾಗುವ ಸಂಗತಿಯೆಂದರೆ, ಶಕ್ತಿ ಅರ್ಧಕ್ಕಿಳಿದ ದಿನಕ್ಕೂ ಅಲ್ಲಿ ಪೂರ್ತಿ ಒಂದು ಅಂಕ. ತಪ್ಪಿದ ದಿನವನ್ನೇ ಅದರಲ್ಲಿ ಮತ್ತೆ ಎಣಿಸಬೇಡಿ, ಅಷ್ಟೇ. ಆದರೆ "ನೋಡೋಣ" ಎನ್ನುವ ಭಯವನ್ನು ಅದು ಕೇಳುವುದಿಲ್ಲ. ಅದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆದು ಹಾಳೆಯನ್ನೇ ವೈದ್ಯರ ಕೈಗೆ ಕೊಡಿ.

ಚಿಕಿತ್ಸೆ ಬದಲಾಗಬಹುದು. ಬಾಧೆ ಹೆಚ್ಚೆಂದು ಕಂಡರೆ ದಾಳಿ ತಡೆಯುವ ನಿತ್ಯದ ಔಷಧಿಯ ಮಾತು ಬರುತ್ತದೆ: ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಇತ್ಯಾದಿ. ಟೊಪಿರಮೇಟ್ ಕೆಲವರಲ್ಲಿ ಯೋಚನೆಯನ್ನೇ ನಿಧಾನಗೊಳಿಸುತ್ತದೆ, ಆದ್ದರಿಂದ ಲೆಕ್ಕದ ಕೆಲಸದವರೆಂದು ಮೊದಲೇ ಹೇಳಿ.

ಅರೆಬೆಳಕು:
ಅರ್ಧ ದಿನಕ್ಕೆ ಪೂರ್ತಿ ಅಂಕ! ಯಾವ ಲೆಕ್ಕಪರಿಶೋಧಕರೂ ಒಪ್ಪದ ಪದ್ಧತಿ, ನನಗೆ ಒಪ್ಪಿಗೆ. ಔಷಧಿ ಅಂಗಡಿಯಿಂದ ನಾನೇ ತಂದು ನುಂಗುವ ನೋವಿನ ಮಾತ್ರೆಗಳನ್ನೂ ಬರೆಯಬೇಕೇ?

ಹಳೆರೋಗಿ:
ಖಂಡಿತ, ತಾರೀಖು ಸಮೇತ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್ ದಾಳಿಗೆಂದೇ ಇರುವ ಔಷಧಿ) ಅಥವಾ ಹಲವು ಔಷಧಿ ಸೇರಿದ ಮಿಶ್ರ ಮಾತ್ರೆಯನ್ನು 10 ದಿನ ಮುಟ್ಟುವಷ್ಟು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ವೈದ್ಯರು ಮೊದಲು ನೋಡುವುದು ಆ ಪಟ್ಟಿಯನ್ನೇ ಇರಬಹುದು.