ಜರ್ಮನ್ ವೈದ್ಯರ ಪತ್ರದ ‘ಎಚ್‌ಡಬ್ಲ್ಯುಐ’: ಇಂಗ್ಲಿಷಿನಲ್ಲಿ ಏನಂತ ಬರೆಯೋದು?

ಸ್ನೇಹಿತರೇ,

ಜರ್ಮನ್ ಬಲ್ಲ ವೈದ್ಯರು, ವೈದ್ಯಕೀಯ ಅನುವಾದ ಮಾಡುವವರು ಇದ್ದರೆ ದಯವಿಟ್ಟು ಗಮನಿಸಿ. ಜರ್ಮನಿಯ ಆಸ್ಪತ್ರೆಯೊಂದರ ಡಿಸ್ಚಾರ್ಜ್ ಪತ್ರವನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಅಲ್ಲಿ ಕೆಲಸದಲ್ಲಿದ್ದು ಬೆಂಗಳೂರಿಗೆ ಮರಳಿದ ಹಿರಿಯರೊಬ್ಬರದು. ಇಲ್ಲಿನ ಹೃದಯದ ಡಾಕ್ಟರಿಗೆ ತೋರಿಸಬೇಕು. ಅದರಲ್ಲಿ ‘ಎಚ್‌ಡಬ್ಲ್ಯುಐ’ ಅನ್ನೋ ಸಂಕ್ಷೇಪ ಎರಡು ಕಡೆ ಬಂದಿದೆ. ಮೊದಲ ಪುಟದ ಕಾಯಿಲೆಗಳ ಪಟ್ಟಿಯಲ್ಲಿ ‘ಝಡ್.ಎನ್. ಎಚ್‌ಡಬ್ಲ್ಯುಐ 2016’ ಅಂತಿದೆ (‘ಝಡ್.ಎನ್.’ ವಿಷಯ ಕೊನೆಗೆ ಹೇಳುತ್ತೇನೆ). ಮುಂದಿನ ಪುಟದಲ್ಲಿ ಬರೀ ‘ಎಚ್‌ಡಬ್ಲ್ಯುಐ’, ಅದರ ಪಕ್ಕದಲ್ಲೇ ಮೂತ್ರದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದ ವಿಷಯ, ಕೊಟ್ಟ ಆಂಟಿಬಯೋಟಿಕ್‌ನ ಹೆಸರು.

ಇವೆರಡೂ ಬೇರೆ ಬೇರೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಒಂದು ‘ಹಿಂಟರ್‌ವಾಂಡ್‌ಇನ್‌ಫಾರ್ಕ್ಟ್’, ಅಂದರೆ ಹೃದಯದ ಹಿಂಗೋಡೆಯ ಹಾರ್ಟ್ ಅಟ್ಯಾಕ್. ಇನ್ನೊಂದು ‘ಹಾರ್ನ್‌ವೇಗ್ಸ್‌ಇನ್‌ಫೆಕ್ಟ್’, ನಾವು ಯುಟಿಐ ಅನ್ನುವ ಮೂತ್ರದ ಸೋಂಕು. ಮೊದಲನೆಯದರ ಮೇಲಿನ ಸಾಲಿನಲ್ಲಿ ‘ಕೆಎಚ್‌ಕೆ’ ಇದೆ, ಅಂದರೆ ಕರೋನರಿ ಹೃದ್ರೋಗ. ಕೆಳಗಿನ ಸಾಲಿನಲ್ಲಿ ಸ್ಟೆಂಟ್ ಇದೆ. ಅಕ್ಕಪಕ್ಕದ ಸಾಲುಗಳನ್ನು ಓದದೆ ಬರೀ ಸಂಕ್ಷೇಪಗಳ ಪಟ್ಟಿ ಹಿಡಿದು ಅನುವಾದ ಮಾಡಿದರೆ ಹಾರ್ಟ್ ಅಟ್ಯಾಕ್ ಆದವರಿಗೆ ಉರಿಮೂತ್ರ ಅಂತ ಬರೆದು ಕೊಟ್ಟ ಹಾಗಾಗುತ್ತೆ.

ನನ್ನ ಪ್ರಶ್ನೆ ಇರೋದು ಮೊದಲನೆಯದರ ಬಗ್ಗೆ. ‘ಹಿಂಟರ್‌ವಾಂಡ್’ ಅಂದರೆ ಹಿಂದಿನ ಗೋಡೆ, ಆದ್ದರಿಂದ ‘ಪೋಸ್ಟೀರಿಯರ್’ ಅಂತ ಬರೆದುಬಿಡೋಣ ಅನ್ನಿಸುತ್ತೆ. ಆದರೆ ಜರ್ಮನ್ ವೈದ್ಯರು ಹಳೇ ರೂಢಿಯಲ್ಲಿ ಹಿಂಟರ್‌ವಾಂಡ್ ಅನ್ನೋದು ಹೆಚ್ಚಾಗಿ ಇಸಿಜಿಯ 2, 3, ಎವಿಎಫ್ ಲೀಡ್‌ಗಳಲ್ಲಿ (ಹೃದಯವನ್ನು ಬೇರೆ ಬೇರೆ ಕೋನದಿಂದ ನೋಡುವ ಗೆರೆಗಳು) ಕಾಣುವ ಅಟ್ಯಾಕಿಗೆ. ಇಂಗ್ಲಿಷಿನಲ್ಲಿ ಅದು ‘ಇನ್‌ಫೀರಿಯರ್’, ಅಂದರೆ ಕೆಳಗೋಡೆಯದು. ಇಂಗ್ಲಿಷಿನ ‘ಪೋಸ್ಟೀರಿಯರ್’ ಬೇರೆಯೇ, ಅದನ್ನು ಖಚಿತ ಮಾಡಿಕೊಳ್ಳೋಕೆ ಬೆನ್ನ ಕಡೆ ವಿ7ರಿಂದ ವಿ9ರವರೆಗೆ ಲೀಡ್ ಹಾಕಿ ನೋಡುತ್ತಾರೆ. ಈ ಪತ್ರದ ಇಸಿಜಿ ಭಾಗದಲ್ಲಿ 3 ಮತ್ತು ಎವಿಎಫ್‌ನಲ್ಲಿ ಕ್ಯೂ ವೇವ್ (ಹಳೇ ಅಟ್ಯಾಕಿನ ಗುರುತಾಗಿರಬಹುದಾದ ಅಲೆ) ಇದೆ ಅಂತ ಬರೆದಿದ್ದಾರೆ. ಹಾಗಾಗಿ ನನ್ನ ಮನಸ್ಸು ‘ಇನ್‌ಫೀರಿಯರ್’ ಕಡೆಗೇ ವಾಲುತ್ತಿದೆ. ಆದರೆ ಪತ್ರ ಬರೆದ ವೈದ್ಯರು ಆ ಮಾತನ್ನು ಬಾಯಿಬಿಟ್ಟು ಹೇಳಿಲ್ಲ. ಇಸಿಜಿ ನೋಡಿ ತೀರ್ಮಾನಿಸುವುದು ಅನುವಾದಕರ ಕೆಲಸವಾ, ಅಥವಾ ಅಲ್ಲಿಗೆ ನಾವು ಕೈ ಹಾಕಬಾರದಾ?

ಇದೇ ಪತ್ರದ ಇನ್ನೊಂದು ಸಾಲು ನೋಡಿ: ‘ಆರ್‌ಆರ್ 135/80, ಎಚ್‌ಎಫ್ 72, ಎಎಫ್ 16’. ಮೂರೂ ಇಂಗ್ಲಿಷ್ ಕಲಿತ ಡಾಕ್ಟರಿಗೆ ದಿನಾ ಕಾಣುವ ಅಕ್ಷರಗಳೇ, ಮೂರರ ಅರ್ಥವೂ ಬೇರೆ. ಜರ್ಮನ್ನಿನ ಆರ್‌ಆರ್ ಬಿಪಿ. 1896ರಲ್ಲಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಸಾಧನವನ್ನು ಪ್ರಕಟಿಸಿದ ಇಟಲಿಯ ವೈದ್ಯ ರೀವಾ-ರೊಚ್ಚಿಯ ಹೆಸರಿನಿಂದ ಬಂದದ್ದು. ನಮ್ಮವರಿಗೆ ಆರ್‌ಆರ್ ಅಂದರೆ ಉಸಿರಾಟದ ವೇಗ. ಎಚ್‌ಎಫ್ ಅಲ್ಲಿ ಹೃದಯ ಬಡಿತದ ವೇಗ, ಇಲ್ಲಿ ಹಾರ್ಟ್ ಫೇಲ್ಯೂರ್. ಎಎಫ್ ಅಲ್ಲಿ ಉಸಿರಾಟದ ವೇಗ, ಇಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ. ಆ ಕಾಯಿಲೆಗೆ ಜರ್ಮನ್ನಿನಲ್ಲಿ ವಿಎಚ್‌ಎಫ್ ಅಂತಾರೆ. ಅಕ್ಷರಗಳನ್ನು ಇದ್ದ ಹಾಗೇ ಬಿಟ್ಟರೆ ಆರೋಗ್ಯವಾಗಿರೋರಿಗೆ ಎರಡು ಹೃದ್ರೋಗ ಅಂಟಿಸಿದ ಹಾಗೆ. ಪಕ್ಕದಲ್ಲಿ ಸಂಖ್ಯೆ ಇರೋದರಿಂದ ಅನುಭವಿಗಳಿಗೆ ಅನುಮಾನ ಬರಬಹುದು, ನಿಜ. ಆದರೆ ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ‘ಎಂಐ ಗ್ರೇಡ್ 1’ ಅಂತ ಬಂದಾಗ? ಅದು ಮೈಟ್ರಲ್ ಕವಾಟ ಸ್ವಲ್ಪ ಸೋರುತ್ತಿದೆ ಅನ್ನೋದು, ಇಂಗ್ಲಿಷಿನಲ್ಲಿ ಮೈಟ್ರಲ್ ರಿಗರ್ಜಿಟೇಶನ್. ಇಂಗ್ಲಿಷಿನಲ್ಲಿ ಎಂಐ ಅಂದರೆ ಹಾರ್ಟ್ ಅಟ್ಯಾಕ್, ಹಾಗೇ ಬಿಟ್ಟರೆ ಇನ್ನೊಂದು ಅಟ್ಯಾಕ್ ಆಗಿಹೋಗುತ್ತೆ.

ಗೊತ್ತಿಲ್ಲದ ಸಂಕ್ಷೇಪ ಬಂದರೆ ನಾವೇ ನಿಂತು ಹುಡುಕುತ್ತೇವೆ, ಅಲ್ವಾ. ಜಾಸ್ತಿ ಕಾಡೋದು ಈ ಪರಿಚಯದ ಮುಖದವು. ಅದಕ್ಕೇ ನಾನು ಸಂಕ್ಷೇಪಕ್ಕೆ ಸಂಕ್ಷೇಪ ಕೊಡೋದಿಲ್ಲ, ಪೂರ್ತಿ ಬಿಡಿಸಿ ಬರೆಯುತ್ತೇನೆ. ‘ಇಡಿ 2014’ ಇದ್ದರೆ ‘2014ರಲ್ಲಿ ಮೊದಲ ಬಾರಿ ಪತ್ತೆ’ ಅನ್ನುವ ಅರ್ಥದ ಇಂಗ್ಲಿಷ್. ‘ಓ.ಬಿ.’ ಇದ್ದರೆ ‘ಅನ್‌ರಿಮಾರ್ಕಬಲ್’, ಅಂದರೆ ದೋಷವೇನೂ ಕಂಡಿಲ್ಲ, ಅದರಲ್ಲಿ ತಕರಾರಿಲ್ಲ.

ಮಾತ್ರೆಗಳ ಪಟ್ಟಿಯಲ್ಲಿ ಮಾತ್ರ ಸುಮ್ನೆ ಇದ್ದದ್ದನ್ನೇ ಇಟ್ಟಿದ್ದೇನೆ. ಜರ್ಮನ್ನರೂ ನಮ್ಮ ಡಾಕ್ಟರುಗಳ ಹಾಗೆ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ಸಂಜೆ ಒಂದು) ಅಂತಲೇ ಬರೆಯುತ್ತಾರೆ. ಕೆಲವು ಕಡೆ ನಾಲ್ಕನೆಯ ಅಂಕಿಯೂ ಇರುತ್ತೆ, ಅದು ಮಲಗುವ ಹೊತ್ತಿನದು. ಇಂಗ್ಲೆಂಡಿಗೆ ಹೋಗುವ ಪತ್ರವಾಗಿದ್ದರೆ ಬಿಡಿಸಿ ಬರೆಯುತ್ತಿದ್ದೆ. ಆದರೆ ದಶಮಾಂಶದ ಅಲ್ಪವಿರಾಮ ಬಿಡೋ ಹಾಗಿಲ್ಲ. ಜರ್ಮನ್ನರ 2,5 ಮಿಲಿಗ್ರಾಂ ನಮ್ಮ 2.5. ಆ ಪುಟ್ಟ ಗುರುತು ಜೆರಾಕ್ಸಿನಲ್ಲಿ ಮಾಸಿದರೆ 25 ಆಗುತ್ತೆ, ಅದಕ್ಕೆ ಮೂಲ ಪ್ರತಿಯನ್ನೇ ತರಿಸಿಕೊಂಡು ನೋಡಿದೆ.

ಇನ್ನು ‘ಝಡ್.ಎನ್.’ ವಿಷಯ. ‘ಆದ ನಂತರದ ಸ್ಥಿತಿ’ ಅಂತ ಅದರ ಅರ್ಥ. ಅಮೆರಿಕದವರು ‘ಸ್ಟೇಟಸ್ ಪೋಸ್ಟ್’ ಬಳಸುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ‘ಹಿಸ್ಟರಿ ಆಫ್’ ಜಾಸ್ತಿ ಕೇಳುತ್ತೇನೆ. ಸ್ಟೆಂಟ್, ಆಪರೇಷನ್ನುಗಳಿಗೆ ಮೊದಲನೆಯದು, ಹಳೇ ಕಾಯಿಲೆಗಳಿಗೆ ಎರಡನೆಯದು ಅಂತ ಒಂದೇ ಪತ್ರದಲ್ಲಿ ಬೇರೆ ಮಾಡಿ ಬರೆದರೆ ಓದುವ ಡಾಕ್ಟರಿಗೆ ಗೊಂದಲ ಆಗುತ್ತಾ? ಇದನ್ನೂ, ಮೇಲಿನ ‘ಇನ್‌ಫೀರಿಯರ್’ ವಿಷಯವನ್ನೂ ಬಲ್ಲವರು ತಿಳಿಸಿ. ಆ ಹಿರಿಯರ ಅಪಾಯಿಂಟ್‌ಮೆಂಟ್ ಬರುವ ವಾರ ಇದೆ.