ಸಹಾಯ ಬೇಕು: ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಹಣ ಹಳೇ ಖಾತೆಗೆ ಹೋಗಿದೆ, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಇಳಕಲ್. ತಂಗಿ ಬಾಗಲಕೋಟೆಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿದ್ದೆವು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲಾ ಸರಿಯಾಗಿ ತೆಗೆದುಕೊಂಡಿತು. ಈಗ ಸ್ಟೇಟಸ್ ನೋಡಿದರೆ ಹಣ ಜಮಾ ಆಗಿದೆ ಅಂತ ಬರುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮಾತ್ರ ಅದೇ ಹಳೇ 412 ರೂಪಾಯಿ.

ಬ್ಯಾಂಕಿನಲ್ಲಿ ವಿಚಾರಿಸಿದೆ. ಎನ್‌ಪಿಸಿಐನಲ್ಲಿ (ಯಾರ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ದಾಖಲೆ ಇಡುವ ಸಂಸ್ಥೆ) ಅವಳ ಆಧಾರ್ ಬೇರೆ ಬ್ಯಾಂಕಿಗೆ ಜೋಡಣೆ ಆಗಿದೆಯಂತೆ, ಹಣ ಅಲ್ಲಿಗೇ ಹೋಗುತ್ತದಂತೆ. ಎಂಟನೇ ಕ್ಲಾಸಿನಲ್ಲಿ ತೆಗೆಸಿದ ಖಾತೆ ಅದು. ನಾಲ್ಕೈದು ವರ್ಷದಿಂದ ಯಾರೂ ಮುಟ್ಟಿಲ್ಲ, ಪಾಸ್‌ಬುಕ್ಕೂ ಕಳೆದಿದೆ. ಅಲ್ಲಿಗೆ ಹೋದರೆ ಮೊದಲು ಕೆವೈಸಿ ಕೊಡಿ ಅಂದರು. ಹಣ ಬಂದಿದೆಯೋ ಇಲ್ಲವೋ ಅಂತಲೂ ಹೇಳಲಿಲ್ಲ. ಕಾಲೇಜಿನಲ್ಲಿ ಕೇಳಿದರೆ, ಸುಮ್ನೆ ಹೊಸ ಖಾತೆಗೆ ಆಧಾರ್ ಜೋಡಿಸಿಬಿಡಿ ಅನ್ನುತ್ತಾರೆ.

ಅಪ್ಪ ಎರಡು ದಿನ ಮಗ್ಗ ನಿಲ್ಲಿಸಿ ಓಡಾಡಿದ್ದಾರೆ. ಅರ್ಧ ನೇಯ್ದ ಸೀರೆ ಹಾಗೇ ಮಗ್ಗದ ಮೇಲಿದೆ. ಮಗ್ಗ ನಿಂತರೆ ಆ ದಿನದ ಕೂಲಿಯೂ ಇಲ್ಲ ಅಲ್ವಾ. ಫೀಸಿನ ಕೊನೇ ಕಂತು ಬೇರೆ ಬಾಕಿ ಇದೆ.

ನಾನು ಕೇಳುವುದು ಇಷ್ಟೇ: ಮೊದಲು ಹಳೇ ಖಾತೆ ಚಾಲೂ ಮಾಡಿಸಬೇಕಾ, ಇಲ್ಲಾ ಈಗಲೇ ಹೊಸ ಖಾತೆಗೆ ಆಧಾರ್ ಜೋಡಿಸಬಹುದಾ? ಹಾಗೆ ಬದಲಿಸಿದರೆ ಈಗಾಗಲೇ ಹೋದ ಹಣ ಸಿಕ್ಕಿಹಾಕಿಕೊಳ್ಳುತ್ತದಾ? ಹೀಗೆ ಆಗಿದ್ದವರು ಯಾವುದನ್ನು ಮೊದಲು ಮಾಡಿದಿರಿ, ದಯವಿಟ್ಟು ತಿಳಿಸಿ.