ತಂತಿ ಯಾಕೆ ಸವೆಯಲ್ಲ?

ಚಿಕ್ಕಪ್ಪ: (ಫೋಟೋ) “ತಾಮ್ರದ ಸಲ್ಫೇಟ್ ದ್ರಾವಣದೊಳಗೆ ಎಲೆಕ್ಟ್ರಾನುಗಳು ಕ್ಯಾಥೋಡಿನಿಂದ ಆನೋಡಿಗೆ ಹರಿಯುತ್ತವೆ.” ಪುಟ್ಟಿ, ಎಸ್ಸೆಸ್ಸೆಲ್ಸಿ ನೋಟ್ಸ್. ಬಾಯಿಪಾಠ ಮಾಡು.

ಅತ್ತೆ: ಬೇಡ ಪುಟ್ಟಿ, ಅದು ತಪ್ಪು. ಎಲೆಕ್ಟ್ರಾನ್ ಓಡಾಡುವುದು ತಂತಿಯಲ್ಲಿ. ದ್ರಾವಣದೊಳಗೆ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು ಅಥವಾ ಪರಮಾಣು ಗುಂಪುಗಳು. ಬ್ಯಾಟರಿಯ ಧನ ತುದಿಗೆ ಕಟ್ಟಿದ ಕಡ್ಡಿ ಆನೋಡ್, ಋಣ ತುದಿಗೆ ಕಟ್ಟಿದ್ದು ಕ್ಯಾಥೋಡ್.

ಚಿಕ್ಕಪ್ಪ: ಅಕ್ಕ, ಮೋಟಾರ್ ವೈಂಡಿಂಗ್ ಮಾಡಿಯೇ ಮನೆ ನಡೆಸಿದ್ದೇನೆ. ಕರೆಂಟ್ ಅಂದ್ರೆ ಎಲೆಕ್ಟ್ರಾನ್. ನೀರಿಗೊಂದು, ತಂತಿಗೊಂದು ಕರೆಂಟ್ ಇರುತ್ತಾ?

ಅತ್ತೆ: ಕರೆಂಟ್ ಒಂದೇ ಕಣೋ, ಹೊರುವವರು ಬೇರೆ. ಉಪ್ಪಿನ ಹರಳಿನ ತುಂಬ ಅಯಾನುಗಳೇ. ಆದರೂ ಕರೆಂಟ್ ಹರಿಯಲ್ಲ, ಅವು ಇದ್ದಲ್ಲೇ ಸಿಕ್ಕಿಕೊಂಡಿವೆ. 801 ಡಿಗ್ರಿಗೆ ಕರಗಿಸು, ಇಲ್ಲ ನೀರಿಗೆ ಹಾಕು. ಆಗ ಹರಿಯುತ್ತದೆ.

ಪುಟ್ಟಿ: ಅತ್ತೆ, ಡೌಟು. ತಾಮ್ರ ಶುದ್ಧ ಮಾಡುವಾಗ ಆನೋಡ್ ಸವೆಯುತ್ತದೆ. ಅದಕ್ಕೆ ಕಟ್ಟಿದ ತಂತಿಯೂ ತಾಮ್ರವೇ ಅಲ್ವಾ? ಅದ್ಯಾಕೆ ಸವೆಯಲ್ಲ?

ತಾತ: ಭೇಷ್! 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋಯಿತು, 90 ಮೈಲಿಗೂ ಜಾಸ್ತಿ. ತಂತಿ ಸವೆಯಲಿಲ್ಲವಲ್ಲ!

ಚಿಕ್ಕಪ್ಪ: ಅಪ್ಪ, ಅದು ಎಸಿ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಇಲ್ಲಿ ಬೇಕಿರುವುದು ಡಿಸಿ, ಒಂದೇ ದಿಕ್ಕಿಗೆ ಹರಿಯುವುದು.

ಅತ್ತೆ: ಅದನ್ನು ಸರಿಯಾಗಿ ಹೇಳಿದೆ. ಆದರೆ ಡಿಸಿಯಲ್ಲೂ ತಂತಿ ಸವೆಯಲ್ಲ. ಲೋಹದೊಳಗೆ ತಾಮ್ರದ ಪರಮಾಣುಗಳು ಹೊರಗಿನ ಎಲೆಕ್ಟ್ರಾನುಗಳನ್ನು ಊರಿನ ಗೋಮಾಳದ ಹಾಗೆ ಬಿಟ್ಟುಕೊಟ್ಟಿರುತ್ತವೆ. ಯಾರೊಬ್ಬರ ಪಾಲೂ ಅಲ್ಲ. ಉಳಿದ ಧನ ಅಯಾನುಗಳು ನಿಂತಲ್ಲೇ ನಿಂತಿರುತ್ತವೆ. ಅವನ್ನು ಒಟ್ಟಿಗೆ ಹಿಡಿದಿಡುವುದೂ ಆ ಎಲೆಕ್ಟ್ರಾನುಗಳೇ. ಅದೇ ಲೋಹೀಯ ಬಂಧ. ತಂತಿಯಿಂದ ಎಷ್ಟು ಎಲೆಕ್ಟ್ರಾನ್ ಆಚೆ ಹೋಗುತ್ತದೋ ಅಷ್ಟೇ ಈಚೆಯಿಂದ ಬರುತ್ತದೆ. ತಾಮ್ರ ಕದಲುವುದಿಲ್ಲ.

ಪುಟ್ಟಿ: ಆನೋಡಿನಲ್ಲಿ?

ಅತ್ತೆ: ಅಲ್ಲಿ ಪರಮಾಣು 2 ಎಲೆಕ್ಟ್ರಾನುಗಳನ್ನು ಲೋಹದಲ್ಲೇ ಬಿಟ್ಟು, ತಾನು ಅಯಾನಾಗಿ ನೀರಿಗೆ ಇಳಿಯುತ್ತದೆ. ಕ್ಯಾಥೋಡಿನಲ್ಲಿ ಇನ್ನೊಂದು ಅಯಾನು 2 ಎಲೆಕ್ಟ್ರಾನ್ ಪಡೆದು ತಾಮ್ರವಾಗಿ ಕೂರುತ್ತದೆ.

ಪುಟ್ಟಿ: ಓ, ಅದಕ್ಕೇ ದ್ರಾವಣದ ನೀಲಿ ಹಾಗೇ ಉಳಿಯುತ್ತಾ?

ಅತ್ತೆ: ಹೌದು, ನೀಲಿ ತಾಮ್ರದ ಅಯಾನುಗಳದ್ದು; ಎಷ್ಟು ಇಳಿಯುತ್ತವೋ ಅಷ್ಟೇ ಕೂರುತ್ತವೆ. ಆದರೆ ಎರಡೂ ಕಡೆ ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವುದು) ಇಟ್ಟರೆ ನೀಲಿ ತಿಳಿಯಾಗುತ್ತಾ ಬರುತ್ತದೆ. ಆನೋಡಿನಲ್ಲಿ ಆಕ್ಸಿಜನ್ ಗುಳ್ಳೆ ಬರುತ್ತದೆಯೇ ಹೊರತು ಹೊಸ ತಾಮ್ರ ಸೇರುವುದಿಲ್ಲ. ಬರೀ ಎಲೆಕ್ಟ್ರಾನ್ ದಾಟಿಹೋಗುವುದಾದರೆ ಬಣ್ಣ ಯಾಕೆ ಬದಲಾಗಬೇಕು? ಫೋಟೋ ಕಳಿಸಿದವರು ಹೇಳಲಿ.

ಚಿಕ್ಕಪ್ಪ: ನೋಟ್ಸ್ ಬರೆದವರೂ ಮೇಷ್ಟ್ರೇ ಅಕ್ಕ. ಪೇಪರ್ ತಿದ್ದುವವರೂ ಅವರೇ ಆದರೆ?

ಅತ್ತೆ: ತಿದ್ದುವವರಿಗೆ ಪಠ್ಯಪುಸ್ತಕ ಇದೆ.

ಪುಟ್ಟಿ: ಉಪ್ಪುನೀರಲ್ಲಿ ಮಾಡಿ ನೋಡಲಾ?

ಅತ್ತೆ: ಖಂಡಿತ ಬೇಡ! ಕ್ಲೋರಿನ್ ಬರುತ್ತದೆ. ಭಾನುವಾರ ನಾನೇ ಬರ್ತೀನಿ.

ಚಿಕ್ಕಪ್ಪ: ತೋಟಕ್ಕೆ ತಂದ ಮೈಲುತುತ್ತ, ಅದೇ ತಾಮ್ರದ ಸಲ್ಫೇಟ್, ಉಳಿದಿದೆ. ಬ್ಯಾಟರಿ ನನ್ನದು, ಪೆನ್ಸಿಲ್ ಕಡ್ಡಿ ನೀನು ತಾ. ನೀಲಿ ಹೋಗದಿದ್ದರೆ ಮಾತ್ರ ಸುಮ್ನೆ ಬಿಡಲ್ಲ.